ಆ ದಿನಗಳಲ್ಲಿ ಈಜಬಹುದೇ?

ಏಪ್ರಿಲ್ ಬಂತೆಂದರೆ ಸಾಕು, ಈಜುಕೊಳಗಳ ಮುಂದೆ ಬೆಳಗಿನ ಆರು ಗಂಟೆಗೇ ಸ್ಕೂಟರು, ಕಾರುಗಳ ಸಾಲು. ಪರೀಕ್ಷೆ ಮುಗಿಸಿದ ಮಕ್ಕಳು ಟವೆಲ್ಲು, ಟೋಪಿ, ಕನ್ನಡಕ ಹಿಡಿದು ಇಳಿಯುತ್ತಾರೆ. ಎಂಟು-ಹತ್ತು ವರ್ಷದವರ ಗುಂಪಿನಲ್ಲಿ ಹುಡುಗರಿಗೆ ಸರಿಸಮನಾಗಿ ಹುಡುಗಿಯರೂ ಇರುತ್ತಾರೆ. ಅದೇ ಹದಿಮೂರು ದಾಟಿದವರ ಗುಂಪಿನತ್ತ ಕಣ್ಣು ಹಾಯಿಸಿ. ಸಾಮಾನ್ಯವಾಗಿ ಅಲ್ಲಿ ಹುಡುಗಿಯರ ಸಂಖ್ಯೆ ಇಳಿದಿರುತ್ತದೆ.

ಕಾರಣಗಳು ಹಲವು. ಟ್ಯೂಷನ್ನು, ಎಸ್ಸೆಸ್ಸೆಲ್ಸಿಯ ಚಿಂತೆ, ಈಜುಡುಗೆ ತೊಡುವ ಸಂಕೋಚ. ಆದರೆ ಯಾರೂ ಬಾಯಿಬಿಟ್ಟು ಹೇಳದ ಕಾರಣವೊಂದಿದೆ. ಅದು ತಿಂಗಳಿಗೊಮ್ಮೆ ಬರುವ ಆ ನಾಲ್ಕೈದು ದಿನಗಳು. 21 ದಿನಗಳ ಬೇಸಿಗೆ ಶಿಬಿರದಲ್ಲಿ ಐದು ದಿನ ಕಳೆದುಹೋದರೆ ಉಳಿಯುವುದು ಹದಿನಾರೇ. ಉಸಿರು ಬಿಡುವುದನ್ನು ಕಲಿಯುವ ಹೊತ್ತಿಗೇ ಆಕೆ 'ಹೊಟ್ಟೆನೋವು', 'ನೆಗಡಿ' ಎಂದು ಹೇಳಿ ಮನೆಯಲ್ಲಿ ಉಳಿಯುತ್ತಾಳೆ. ಮರಳಿ ಬಂದಾಗ ಜೊತೆಯವರು ಕೊಳದ ಆಳದ ಕಡೆಗೆ ಹೋಗಿಯಾಗಿರುತ್ತದೆ. ಮುಂದಿನ ವರ್ಷ "ನಂಗೆ ಈಜು ಬೇಡಮ್ಮ" ಎಂದುಬಿಡುತ್ತಾಳೆ. ಮನೆಯವರೂ ಹೆಚ್ಚು ಕೇಳುವುದಿಲ್ಲ. ಜೀವ ಉಳಿಸಬಲ್ಲ ವಿದ್ಯೆಯೊಂದು ಹೀಗೆ ಅರ್ಧಕ್ಕೆ ನಿಲ್ಲುತ್ತದೆ.

ಹಾಗಾದರೆ ಮುಟ್ಟಿನ ದಿನಗಳಲ್ಲಿ ಈಜಬಹುದೇ? ಈಜಬಹುದು. ಆರೋಗ್ಯವಂತ ಹುಡುಗಿಗೆ ಅದರಿಂದ ಯಾವ ಅಪಾಯವೂ ಇಲ್ಲ. ಹೇಗೆ ಎಂಬುದನ್ನು ತಿಳಿದುಕೊಳ್ಳಬೇಕು, ಅಷ್ಟೆ.

ನೀರಿಗೂ ಮುಟ್ಟಿಗೂ ಹಗೆಯೇ?

ನಮ್ಮಲ್ಲಿ ಮುಟ್ಟಾದವರು ಬಾವಿಕಟ್ಟೆಯ ಹತ್ತಿರ ಹೋಗಬಾರದು, ಕುಡಿಯುವ ನೀರಿನ ಕೊಡ ಮುಟ್ಟಬಾರದು ಎಂಬ ಕಟ್ಟಳೆ ಬಹಳ ಮನೆಗಳಲ್ಲಿತ್ತು. ಕೆಲವು ಕಡೆ ಈಗಲೂ ಇದೆ. ಕಟ್ಟಳೆ ಸಡಿಲವಾದ ಮನೆಗಳಲ್ಲೂ ಅದರ ನೆರಳು ಉಳಿದಿದೆ. ತಣ್ಣೀರು ತಾಗಿದರೆ ರಕ್ತ ಹೆಪ್ಪುಗಟ್ಟುತ್ತದೆ, ನೀರಿನಲ್ಲಿದ್ದರೆ ಗರ್ಭಕೋಶಕ್ಕೆ ನಂಜಾಗುತ್ತದೆ, ಕೊಳದ ನೀರು ಕೆಡುತ್ತದೆ ಎಂಬ ಮಾತುಗಳು ಅದರ ಹೊಸ ರೂಪಗಳು.

ಒಂದೊಂದಾಗಿ ನೋಡೋಣ. ಒಂದು ಮುಟ್ಟಿನ ಎಲ್ಲ ದಿನಗಳೂ ಸೇರಿ ಹೊರಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್. ಎಂದರೆ ಎರಡು-ಮೂರು ದೊಡ್ಡ ಚಮಚದಷ್ಟು. 50 ಮೀಟರ್ ಉದ್ದ, 25 ಮೀಟರ್ ಅಗಲ, ಎರಡು ಮೀಟರ್ ಆಳದ ಕೊಳದಲ್ಲಿ 25 ಲಕ್ಷ ಲೀಟರ್ ನೀರಿರುತ್ತದೆ. ಅದರಲ್ಲಿ ಕ್ಲೋರಿನ್ ಬೆರೆಸಿರುವುದೇ ಎಲ್ಲರ ಬೆವರು, ಉಗುಳು, ಇನ್ನಿತರ ಕೊಳೆಯಿಂದ ಬರುವ ಸೂಕ್ಷ್ಮಜೀವಿಗಳನ್ನು ಕೊಲ್ಲಲು. ಸರಿಯಾಗಿ ನಿರ್ವಹಿಸುವ ಕೊಳದ ನೀರು ಮುಟ್ಟಾದ ಹುಡುಗಿಯಿಂದ ಕೆಡುವುದಿಲ್ಲ. ಆ ನೀರಿನಿಂದ ಅವಳ ಗರ್ಭಕೋಶಕ್ಕೂ ಏನೂ ಆಗುವುದಿಲ್ಲ.

ತಣ್ಣೀರಿಗೆ ರಕ್ತ ಹೆಪ್ಪುಗಟ್ಟಿ ಒಳಗೇ ನಿಲ್ಲುವುದೂ ಇಲ್ಲ. ನೀರಿನಲ್ಲಿರುವಾಗ ಹೊರಗಿನ ನೀರಿನ ಒತ್ತಡದಿಂದ ಸ್ರಾವ ಹೊರಬರುವುದು ಸ್ವಲ್ಪ ಕಡಿಮೆಯಾಗುತ್ತದೆ. ಇದನ್ನೇ ಕೆಲವರು 'ನೀರಿಗಿಳಿದರೆ ಮುಟ್ಟು ನಿಲ್ಲುತ್ತದೆ' ಎಂದು ತಿಳಿದಿದ್ದಾರೆ. ಅದು ನಿಲ್ಲುವುದಲ್ಲ. ಕೆಮ್ಮಿದರೆ, ನಕ್ಕರೆ, ಕೊಳದ ಮೆಟ್ಟಿಲು ಹತ್ತಿದರೆ ಮತ್ತೆ ಬರುತ್ತದೆ. ಆದ್ದರಿಂದ ಏನೂ ಧರಿಸದೆ ನೀರಿಗಿಳಿಯುವುದು ಸರಿಯಲ್ಲ.

ಹೊಟ್ಟೆನೋವಿನ ವಿಷಯವೂ ಹಾಗೆಯೇ. ಮುಟ್ಟಿನ ನೋವಿಗೆ ಕಾರಣ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ. ಅದು ಗರ್ಭಕೋಶದ ಸ್ನಾಯುಗಳನ್ನು ಬಿಗಿಯುತ್ತದೆ. ಹಿತವಾದ ವ್ಯಾಯಾಮದಿಂದ ಎಷ್ಟೋ ಹುಡುಗಿಯರಿಗೆ ಈ ನೋವು ಇಳಿಯುತ್ತದೆ. ಈಜು ಅಂಥ ವ್ಯಾಯಾಮಗಳಲ್ಲೊಂದು.

ರಿಯೋದಲ್ಲಿ ಕೇಳಿಬಂದ ಮಾತು

2016ರ ಆಗಸ್ಟ್‌ನಲ್ಲಿ ರಿಯೋ ಒಲಿಂಪಿಕ್ಸ್ ನಡೆಯುತ್ತಿತ್ತು. ಚೀನಾದ ಫು ಯುವಾನ್‌ಹುಯಿ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ಕಂಚಿನ ಪದಕ ಗೆದ್ದಿದ್ದಳು. ಆಮೇಲಿನ ಮೆಡ್ಲೆ ರಿಲೇಯಲ್ಲಿ ಚೀನಾ ತಂಡಕ್ಕೆ ನಾಲ್ಕನೆಯ ಸ್ಥಾನ ಬಂತು. ಸ್ಪರ್ಧೆ ಮುಗಿದ ಮೇಲೆ ಟಿವಿ ವರದಿಗಾರ್ತಿ ಮಾತನಾಡಿಸಿದಾಗ ಅವಳು ಹಿಂದಿನ ದಿನವಷ್ಟೇ ಮುಟ್ಟಾಗಿದ್ದುದನ್ನು, ಅದರಿಂದ ಆಯಾಸವಾಗಿದ್ದುದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಅದನ್ನು ನೆಪ ಮಾಡುವುದಿಲ್ಲವೆಂದೂ ಸೇರಿಸಿದಳು.

ಆ ಮಾತು ಲೋಕದಲ್ಲೆಲ್ಲ ಸುದ್ದಿಯಾಯಿತು. ಚೀನಾದಲ್ಲಿ ಬಹಳ ಜನ ಕೇಳಿದ ಪ್ರಶ್ನೆ 'ಮುಟ್ಟಾದವಳು ನೀರಿಗಿಳಿದದ್ದು ಹೇಗೆ?' ಎಂದು. ಅಲ್ಲಿಯೂ ನಮ್ಮಲ್ಲಿಯಂತೆ ಹೆಚ್ಚಿನವರು ಬಳಸುವುದು ಪ್ಯಾಡ್. ಟ್ಯಾಂಪನ್ ಎಂಬುದೊಂದಿದೆ ಎಂದು ಎಷ್ಟೋ ಜನರಿಗೆ ತಿಳಿದದ್ದೇ ಆಗ.

ಒಲಿಂಪಿಕ್ಸ್ ಕೊಳಕ್ಕೆ ನಮ್ಮ ಬೆಂಗಳೂರಿನ ಹುಡುಗಿಯರೂ ಇಳಿದಿದ್ದಾರೆ. 2000ದಲ್ಲಿ ಸಿಡ್ನಿಯಲ್ಲಿ ನಿಶಾ ಮಿಲ್ಲೆಟ್, 2004ರಲ್ಲಿ ಅಥೆನ್ಸ್‌ನಲ್ಲಿ ಶಿಖಾ ಟಂಡನ್, 2024ರಲ್ಲಿ ಪ್ಯಾರಿಸ್‌ನಲ್ಲಿ 14 ವರ್ಷದ ಧಿನಿಧಿ ದೇಸಿಂಗು. ಸ್ಪರ್ಧೆಯ ದಿನಾಂಕ ಯಾವ ಹುಡುಗಿಯ ತಿಂಗಳ ಲೆಕ್ಕವನ್ನೂ ಕೇಳಿ ಗೊತ್ತಾಗುವುದಿಲ್ಲ. ಹಾಗಾಗಿ ಈಜನ್ನು ಗಂಭೀರವಾಗಿ ಹಿಡಿಯುವ ಪ್ರತಿ ಹುಡುಗಿಗೂ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗಿಯೇ ತೀರುತ್ತದೆ.

ಏನಿದು ಟ್ಯಾಂಪನ್?

ಪ್ಯಾಡ್ ನೀರಿನಲ್ಲಿ ಕೆಲಸಕ್ಕೆ ಬಾರದು. ಕೊಳದ ನೀರನ್ನೇ ಹೀರಿ ಉಬ್ಬಿ, ಅಂಟು ಬಿಟ್ಟು ಜಾರುತ್ತದೆ. ಟ್ಯಾಂಪನ್ ಕಿರುಬೆರಳಿನಷ್ಟು ಉದ್ದದ, ಒತ್ತಿ ಸುತ್ತಿದ ಹತ್ತಿ ಅಥವಾ ರೇಯಾನ್‌ನ ಚಿಕ್ಕ ಸುರುಳಿ. ತುದಿಯಲ್ಲೊಂದು ದಾರವಿರುತ್ತದೆ. ಇದನ್ನು ಯೋನಿಯೊಳಗೆ ಇರಿಸಿಕೊಳ್ಳಬೇಕು. ಸ್ರಾವ ಹೊರಬರುವ ಮೊದಲೇ ಅದು ಹೀರಿಕೊಳ್ಳುತ್ತದೆ. ಟ್ಯಾಂಪನ್ ಎಂಬುದು ಫ್ರೆಂಚ್ ಮಾತು. ಬಿರಡೆ ಎಂದರ್ಥ.

ಅಮೆರಿಕದ ಕೊಲೊರಾಡೊ ರಾಜ್ಯದ ವೈದ್ಯ ಅರ್ಲ್ ಹಾಸ್ ಕೊಳವೆಯ ಮೂಲಕ ಒಳಸೇರಿಸುವ ಟ್ಯಾಂಪನ್ ರೂಪಿಸಿ 1933ರಲ್ಲಿ ಪೇಟೆಂಟ್ ಪಡೆದ. ಗರ್ಟ್ರೂಡ್ ಟೆಂಡರಿಚ್ ಎಂಬ ಮಹಿಳೆ ಆ ಹಕ್ಕನ್ನು ಕೊಂಡು 'ಟ್ಯಾಂಪ್ಯಾಕ್ಸ್' ಕಂಪನಿ ಕಟ್ಟಿದಳು. ಕೊಳವೆಯಿಲ್ಲದೆ ಬೆರಳಿನಿಂದಲೇ ಒಳಸೇರಿಸುವ ಬಗೆಯನ್ನು ರೂಪಿಸಿದವರು ಜರ್ಮನಿಯ ಸ್ತ್ರೀರೋಗ ತಜ್ಞೆ ಯೂಡಿತ್ ಎಸ್ಸರ್. ಅದು 1950ರಲ್ಲಿ 'ಓ.ಬಿ.' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಜರ್ಮನ್ ಭಾಷೆಯಲ್ಲಿ 'ಪ್ಯಾಡ್ ಇಲ್ಲದೆ' ಎಂಬುದರ ಸಂಕ್ಷಿಪ್ತ ರೂಪ ಅದು.

ನಮ್ಮಲ್ಲಿ ದೊಡ್ಡ ಊರುಗಳ ಮೆಡಿಕಲ್ ಶಾಪ್‌ಗಳಲ್ಲಿ ಟ್ಯಾಂಪನ್ ಸಿಗುತ್ತದೆ. ಸಣ್ಣ ಊರುಗಳಲ್ಲಿ ಹೇಳಿ ತರಿಸಬೇಕಾಗಬಹುದು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಸ್ಯಾನಿಟರಿ ನ್ಯಾಪ್‌ಕಿನ್‌ನ ಜೊತೆಗೆ ಟ್ಯಾಂಪನ್ ಮೇಲಿನ ಜಿಎಸ್‌ಟಿಯನ್ನೂ ತೆಗೆದುಹಾಕಿತು.

ತಾಯಂದಿರ ಮನಸ್ಸಿನ ಪ್ರಶ್ನೆ

ಮಗಳು ಟ್ಯಾಂಪನ್ ವಿಷಯ ಎತ್ತಿದೊಡನೆ ಅನೇಕ ತಾಯಂದಿರು ಗಾಬರಿಯಾಗುತ್ತಾರೆ. ಕೇಳಲೂ ಆಗದ, ಬಿಡಲೂ ಆಗದ ಪ್ರಶ್ನೆ ಅವರದು. 'ಮದುವೆಯಾಗದ ಹುಡುಗಿ... ಕನ್ಯತ್ವಕ್ಕೆ ಏನಾದರೂ ಆದರೆ?' ಎಂದು. ಈ ಪ್ರಶ್ನೆಗೆ ನೇರ ಉತ್ತರ ಬೇಕು.

ಕನ್ಯಾಪೊರೆ ಎಂದು ನಾವು ಕರೆಯುವುದು ಬಾಗಿಲು ಮುಚ್ಚಿದಂಥ ಪರದೆಯಲ್ಲ. ಯೋನಿದ್ವಾರದ ಅಂಚಿನಲ್ಲಿರುವ ತೆಳುವಾದ, ಹಿಗ್ಗಬಲ್ಲ ಮಡಿಕೆ ಅದು. ಅದರಲ್ಲಿ ಮೊದಲಿನಿಂದಲೂ ತೆರಪಿರುತ್ತದೆ. ಇಲ್ಲದಿದ್ದರೆ ಮುಟ್ಟಿನ ರಕ್ತ ಹೊರಬರುವುದಾದರೂ ಹೇಗೆ? ಆ ಮಡಿಕೆಯ ಆಕಾರ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಸಾಮಾನ್ಯವಾಗಿ ಟ್ಯಾಂಪನ್ ಆ ತೆರಪಿನ ಮೂಲಕವೇ ಸಾಗುತ್ತದೆ. ಕೆಲವೊಮ್ಮೆ ಅಂಚು ಸ್ವಲ್ಪ ಹಿಗ್ಗಬಹುದು, ಅಪರೂಪಕ್ಕೆ ಸಣ್ಣದಾಗಿ ಹರಿಯಲೂಬಹುದು. ಅದಕ್ಕೂ ಹುಡುಗಿಯ ನಡತೆಗೂ ಯಾವ ಸಂಬಂಧವೂ ಇಲ್ಲ. ಕನ್ಯತ್ವ ಎಂಬುದು ವೈದ್ಯಕೀಯ ಪದವೇ ಅಲ್ಲ, ಅದನ್ನು ಪರೀಕ್ಷಿಸುವ ಪದ್ಧತಿಗೆ ವೈಜ್ಞಾನಿಕ ಆಧಾರವಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ವಿಶ್ವಸಂಸ್ಥೆಯ ಅಂಗಸಂಸ್ಥೆಗಳೂ 2018ರಲ್ಲಿ ಒಟ್ಟಾಗಿ ಸ್ಪಷ್ಟಪಡಿಸಿವೆ.

'ಒಳಗೆಲ್ಲೋ ಕಳೆದುಹೋದರೆ?' ಎಂಬುದು ಎರಡನೆಯ ಭಯ. ಇದು ಹೆಚ್ಚಾಗಿ ಹುಡುಗಿಯರದೇ. ಯೋನಿ ಕೊನೆಯಿಲ್ಲದ ಸುರಂಗವಲ್ಲ. ಅದರ ತುದಿಯಲ್ಲಿರುವ ಗರ್ಭಕಂಠದ ರಂಧ್ರ ಬಹಳ ಚಿಕ್ಕದು. ಅದರಲ್ಲಿ ಟ್ಯಾಂಪನ್ ತೂರಲಾರದು. ದಾರ ಒಳಸೇರಿಕೊಂಡರೂ ಕುಕ್ಕರಗಾಲಿನಲ್ಲಿ ಕೂತು, ತೊಳೆದ ಬೆರಳಿನಿಂದ ಹುಡುಕಿದರೆ ಸಿಗುತ್ತದೆ. ಸಿಗದಿದ್ದರೆ ವೈದ್ಯರು ಕೆಲವೇ ನಿಮಿಷದಲ್ಲಿ ತೆಗೆಯುತ್ತಾರೆ.

'ಮೂತ್ರಕ್ಕೆ ಹೋಗುವುದು ಹೇಗೆ?' ಎಂಬುದು ಮೂರನೆಯದು. ಮೂತ್ರದ ದಾರಿಯೇ ಬೇರೆ, ಮುಟ್ಟಿನ ದಾರಿಯೇ ಬೇರೆ. ಟ್ಯಾಂಪನ್ ಇದ್ದರೂ ಮೂತ್ರಕ್ಕೆ ಅಡ್ಡಿಯಿಲ್ಲ. ದಾರವನ್ನು ಪಕ್ಕಕ್ಕೆ ಸರಿಸಿಕೊಂಡರೆ ಒದ್ದೆಯಾಗುವುದಿಲ್ಲ.

ಮೊದಲ ಸಲ

ಮೊದಲ ಪ್ರಯತ್ನ ಈಜುಕೊಳದ ಶೌಚಾಲಯದಲ್ಲಿ, ಹೊರಗೆ ಗೆಳತಿಯರು ಬಾಗಿಲು ಬಡಿಯುತ್ತಿರುವಾಗ ಬೇಡ. ಈಜು ಇಲ್ಲದ ದಿನ, ಮನೆಯಲ್ಲಿ, ಸಮಯವಿಟ್ಟುಕೊಂಡು ಮಾಡಿ. ಸ್ರಾವ ಚೆನ್ನಾಗಿರುವ ಎರಡನೆಯ ದಿನ ಒಳ್ಳೆಯದು. ಒಣಗಿರುವಾಗ ಹತ್ತಿ ಉಜ್ಜಿದಂತಾಗಿ ನೋವಾಗುತ್ತದೆ.

ಅಂಗಡಿಯಲ್ಲಿ ಅತಿ ಚಿಕ್ಕದನ್ನೇ ಕೇಳಿ. ಟ್ಯಾಂಪನ್‌ನ ಅಳತೆ ವಯಸ್ಸಿನದಲ್ಲ, ಹೀರುವ ಶಕ್ತಿಯದು. ಅಮೆರಿಕದ ನಿಯಮದಂತೆ 'ಲೈಟ್' ಎಂದರೆ 6 ಗ್ರಾಮಿನವರೆಗೆ, 'ರೆಗ್ಯುಲರ್' 6ರಿಂದ 9 ಗ್ರಾಂ, 'ಸೂಪರ್' 9ರಿಂದ 12 ಗ್ರಾಂ ಹೀರುವಂಥದು. ಬೇರೆ ದೇಶದ ತಯಾರಿಕೆಗಳಲ್ಲಿ 'ಮಿನಿ' ಎಂದಿರಬಹುದು. ಹನಿಯ ಗುರುತುಗಳಿದ್ದರೆ ಕಡಿಮೆ ಹನಿಯಿರುವುದನ್ನು ಆರಿಸಿಕೊಳ್ಳಿ. ಪೊಟ್ಟಣದೊಳಗೆ ಚಿತ್ರಸಹಿತ ಸೂಚನೆಯ ಕಾಗದವಿದ್ದರೆ ಅದನ್ನು ಮೊದಲು ಓದಿ.

ಕೈಗಳನ್ನು ಸೋಪಿನಿಂದ ತೊಳೆದುಕೊಳ್ಳಿ. ಉಗುರು ಕತ್ತರಿಸಿರಲಿ. ಹೊದಿಕೆ ಬಿಚ್ಚಿ, ದಾರವನ್ನೊಮ್ಮೆ ಎಳೆದು ಗಟ್ಟಿಯಾಗಿದೆಯೇ ನೋಡಿ. ಬಚ್ಚಲಿನ ಸ್ಟೂಲಿನ ಮೇಲೆ ಒಂದು ಕಾಲಿಟ್ಟು ನಿಲ್ಲಬಹುದು. ನಮ್ಮ ಹುಡುಗಿಯರಿಗೆ ಕುಕ್ಕರಗಾಲಿನಲ್ಲಿ ಕೂರುವುದು ಇನ್ನೂ ಸುಲಭ. ನಾಲ್ಕು ಸಲ ನಿಧಾನವಾಗಿ ಉಸಿರೆಳೆದು ಬಿಡಿ. ಮೈ ಬಿಗಿಹಿಡಿದರೆ ಸ್ನಾಯುವೂ ಬಿಗಿಯುತ್ತದೆ, ಆಗಲೇ ನೋವು.

ಹೆಚ್ಚಿನವರು ತಪ್ಪುವುದು ದಿಕ್ಕಿನಲ್ಲಿ. ಯೋನಿಯ ದಾರಿ ನೇರ ಮೇಲಕ್ಕಲ್ಲ, ಸೊಂಟದ ಹಿಂಭಾಗದ ಕಡೆಗೆ ಓರೆಯಾಗಿದೆ. ಟ್ಯಾಂಪನ್ ಅನ್ನು ಬೆನ್ನಿನ ಕೆಳಭಾಗದತ್ತ ಗುರಿಯಿಟ್ಟು ಮೆಲ್ಲಗೆ ತಳ್ಳಬೇಕು. ಬೆರಳಿನ ಉದ್ದದಷ್ಟು ಒಳಗೆ ಹೋದರೆ ಸಾಕು. ದಾರ ಹೊರಗಿರಬೇಕು. ಸರಿಯಾಗಿ ಕೂತಿದ್ದರೆ ಒಳಗೇನೋ ಇದೆ ಎಂದೇ ಅನಿಸುವುದಿಲ್ಲ. ನಡೆದಾಗ, ಕೂತಾಗ ಒತ್ತುತ್ತಿದ್ದರೆ ಇನ್ನೂ ಸ್ವಲ್ಪ ಒಳಗೆ ಹೋಗಬೇಕಿತ್ತು ಎಂದರ್ಥ. ಅದನ್ನು ತೆಗೆದು, ಹೊಸದನ್ನು ಬಳಸಿ.

ತೆಗೆಯುವಾಗಲೂ ಅದೇ ಓರೆಯಲ್ಲಿ ದಾರವನ್ನು ಮೆಲ್ಲಗೆ ಎಳೆದರೆ ಸಾಕು. ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿ. ಕಮೋಡಿಗೆ ಹಾಕಿದರೆ ಪೈಪು ಕಟ್ಟಿಕೊಳ್ಳುತ್ತದೆ.

ಮೊದಲ ಸಲವೇ ಆಗದಿದ್ದರೆ ಬೇಸರ ಬೇಡ. ನೋವಾದರೆ ನಿಲ್ಲಿಸಿ, ಮುಂದಿನ ತಿಂಗಳು ನೋಡಿ. ಮೂರು-ನಾಲ್ಕು ತಿಂಗಳು ಪ್ರಯತ್ನಿಸಿದರೂ ಒಳಗೆ ಹೋಗುತ್ತಲೇ ಇಲ್ಲ, ಗೋಡೆಗೆ ತಾಗಿದಂತಾಗುತ್ತದೆ ಎಂದಾದರೆ ಸ್ತ್ರೀರೋಗ ತಜ್ಞರನ್ನು ಕಾಣಿ. ಕೆಲವರಿಗೆ ಆ ಪೊರೆಯ ನಡುವೆ ಅಡ್ಡಪಟ್ಟಿಯೊಂದು ಹುಟ್ಟಿನಿಂದಲೇ ಇರುತ್ತದೆ. ಸಣ್ಣ ಚಿಕಿತ್ಸೆಯಿಂದ ಸರಿಪಡಿಸಬಹುದು.

ಎಂಟು ಗಂಟೆಯ ನಿಯಮ

ಟ್ಯಾಂಪನ್ ಬಳಸುವವರು ಮರೆಯಲೇಬಾರದ ಸಂಗತಿಯೊಂದಿದೆ. 1978ರಲ್ಲಿ ಅಮೆರಿಕದ ಡೆನ್ವರ್‌ನ ಮಕ್ಕಳ ವೈದ್ಯ ಜೇಮ್ಸ್ ಟಾಡ್ ಮತ್ತು ಸಂಗಡಿಗರು ಏಳು ಮಕ್ಕಳಲ್ಲಿ ಕಂಡ ತೀವ್ರ ಕಾಯಿಲೆಯೊಂದನ್ನು ವಿವರಿಸಿ ಅದಕ್ಕೆ 'ಟಾಕ್ಸಿಕ್ ಶಾಕ್ ಸಿಂಡ್ರೋಮ್' ಎಂದು ಹೆಸರಿಟ್ಟರು. ಸ್ಟೆಫೈಲೋಕಾಕಸ್ ಎಂಬ ಬ್ಯಾಕ್ಟೀರಿಯ ಉಗುಳುವ ವಿಷ ರಕ್ತಕ್ಕೆ ಸೇರುವುದರಿಂದ ಬರುವ ಕಾಯಿಲೆ ಇದು. 1980ರಲ್ಲಿ ಅಮೆರಿಕದಲ್ಲಿ ಮುಟ್ಟಾದ ಯುವತಿಯರಲ್ಲಿ ಇದು ಹಠಾತ್ತನೆ ಹೆಚ್ಚಿತು, ಸಾವುಗಳೂ ಸಂಭವಿಸಿದವು. ಅತಿಯಾಗಿ ಹೀರುವ, ಬಹಳ ಹೊತ್ತು ಒಳಗೇ ಇಟ್ಟುಕೊಳ್ಳಬಹುದಾಗಿದ್ದ ಟ್ಯಾಂಪನ್‌ಗಳಿಗೂ ಇದಕ್ಕೂ ನಂಟಿರುವುದು ಬೆಳಕಿಗೆ ಬಂತು. 'ರಿಲೈ' ಎಂಬ ಬ್ರ್ಯಾಂಡನ್ನು ಅದೇ ಸೆಪ್ಟೆಂಬರ್‌ನಲ್ಲಿ ಮಾರುಕಟ್ಟೆಯಿಂದ ಹಿಂದೆಗೆಯಲಾಯಿತು. ಆಮೇಲೆ ತಯಾರಿಕೆಯ ವಸ್ತುಗಳು ಬದಲಾದವು, ಪೊಟ್ಟಣದ ಮೇಲೆ ಎಚ್ಚರಿಕೆಯ ಮಾತು ಬಂತು. ಈಗ ಈ ಕಾಯಿಲೆ ಬಹಳ ಅಪರೂಪ. ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಆದ್ದರಿಂದ ನಿಯಮ ಸರಳ. ನಾಲ್ಕರಿಂದ ಎಂಟು ಗಂಟೆಯೊಳಗೆ ಬದಲಾಯಿಸಬೇಕು. ಎಂಟು ಗಂಟೆ ಮೀರಲೇಬಾರದು. ಸಾಕಾಗುವಷ್ಟರಲ್ಲೇ ಕಡಿಮೆ ಹೀರುವುದನ್ನು ಬಳಸಬೇಕು. ರಾತ್ರಿ ಮಲಗುವಾಗ ಪ್ಯಾಡ್ ಸಾಕು. ಮುಟ್ಟು ಇಲ್ಲದ ದಿನ, 'ಇವತ್ತು ಆಗಬಹುದೇನೋ' ಎಂದು ಮುಂಚಿತವಾಗಿ ಹಾಕಿಕೊಳ್ಳಬಾರದು. ಕೊನೆಯ ಟ್ಯಾಂಪನ್ ತೆಗೆದೆನೇ ಎಂದು ಮುಟ್ಟು ಮುಗಿದಾಗ ನೆನಪಿಸಿಕೊಳ್ಳಬೇಕು.

ಟ್ಯಾಂಪನ್ ಬಳಸುತ್ತಿರುವಾಗ ಇದ್ದಕ್ಕಿದ್ದಂತೆ ಜೋರು ಜ್ವರ, ವಾಂತಿ, ಭೇದಿ, ತಲೆಸುತ್ತು, ಮೈಮೇಲೆ ಬಿಸಿಲಿಗೆ ಸುಟ್ಟಂಥ ಕೆಂಪು ಕಾಣಿಸಿಕೊಂಡರೆ ತಕ್ಷಣ ಅದನ್ನು ತೆಗೆದು ಆಸ್ಪತ್ರೆಗೆ ಹೋಗಿ. ಟ್ಯಾಂಪನ್ ಬಳಸುತ್ತಿದ್ದುದನ್ನು ವೈದ್ಯರಿಗೆ ತಪ್ಪದೆ ಹೇಳಿ. ಸಂಕೋಚದಿಂದ ಮುಚ್ಚಿಟ್ಟರೆ ಕಾಯಿಲೆ ಗುರುತಿಸುವುದು ತಡವಾಗುತ್ತದೆ. ಮಗಳು ಟ್ಯಾಂಪನ್ ಬಳಸುವುದು ತಾಯಿಗೆ ತಿಳಿದಿರಬೇಕು ಎನ್ನುವುದು ಇದಕ್ಕಾಗಿಯೇ. ಕದ್ದುಮುಚ್ಚಿ ಬಳಸುವ ಹುಡುಗಿ ಜ್ವರ ಬಂದಾಗಲೂ ಬಾಯಿಬಿಡುವುದಿಲ್ಲ.

ಕೊಳದಲ್ಲಿ

ನೀರಿಗಿಳಿಯುವ ಮುನ್ನ ಹೊಸ ಟ್ಯಾಂಪನ್ ಹಾಕಿಕೊಂಡು, ದಾರವನ್ನು ಈಜುಡುಗೆಯ ಒಳಗೆ ಸೇರಿಸಿ. ಮೇಲೆ ಬಂದ ಕೂಡಲೇ ಬದಲಾಯಿಸಿ, ಏಕೆಂದರೆ ದಾರ ಕೊಳದ ನೀರನ್ನು ಹೀರಿರುತ್ತದೆ. ಕಪ್ಪು ಅಥವಾ ಗಾಢ ನೀಲಿ ಈಜುಡುಗೆ ತೊಟ್ಟರೆ ಮನಸ್ಸಿಗೆ ನಿರಾಳ. ಚೀಲದಲ್ಲಿ ಎರಡು ಟ್ಯಾಂಪನ್, ಒಂದು ಪ್ಯಾಡ್, ಒಳಉಡುಪು, ಹಳೆಯ ಪತ್ರಿಕೆಯ ಹಾಳೆ, ಸೋಪು ಇರಲಿ. ಕೆರೆ, ಹೊಳೆ, ಬಾವಿಗಳ ನೀರು ಶುದ್ಧವಿಲ್ಲದಿದ್ದರೆ ಮುಟ್ಟಿರಲಿ, ಇಲ್ಲದಿರಲಿ, ಇಳಿಯದಿರುವುದೇ ಕ್ಷೇಮ.

ಟ್ಯಾಂಪನ್ ಬೇಡವೆಂದರೆ?

ಟ್ಯಾಂಪನ್ ಬಳಸಲೇಬೇಕೆಂದಿಲ್ಲ. ಮೃದುವಾದ ಸಿಲಿಕೋನ್‌ನಿಂದ ಮಾಡಿದ ಮುಟ್ಟಿನ ಬಟ್ಟಲು, ಅಂದರೆ ಕಪ್, ಇನ್ನೊಂದು ದಾರಿ. ಇದು ಹೀರುವುದಿಲ್ಲ, ಸಂಗ್ರಹಿಸುತ್ತದೆ. ತೊಳೆದು, ಕುದಿಸಿ ವರ್ಷಗಟ್ಟಲೆ ಬಳಸಬಹುದು. ಕರ್ನಾಟಕ ಸರ್ಕಾರ 2022ರಲ್ಲಿ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಇಂಥ ಕಪ್‌ಗಳನ್ನು ಹದಿಹರೆಯದವರಿಗೆ ಹಂಚುವ ಯೋಜನೆ ಆರಂಭಿಸಿತು. ಕೈಗೆ ರೂಢಿಯಾಗಲು ಕಪ್‌ಗೆ ಟ್ಯಾಂಪನ್‌ಗಿಂತ ಹೆಚ್ಚು ಸಮಯ ಬೇಕು. ಸ್ರಾವ ಕಡಿಮೆಯಿರುವ ಕೊನೆಯ ದಿನಗಳಿಗೆ ಹೀರುವ ಪದರವಿರುವ ಈಜುಡುಗೆಗಳೂ ಬಂದಿವೆ. ಒಳಗೆ ಏನನ್ನೂ ಸೇರಿಸಲು ಇಷ್ಟವಿಲ್ಲದ ಹುಡುಗಿಗೆ ಅದು ಅನುಕೂಲ.

ಇಲ್ಲಿ ಇನ್ನೊಂದು ಮಾತು. ಹಬ್ಬ, ಪೂಜೆ, ಮದುವೆ ಬಂದರೆ ಮುಟ್ಟು ಮುಂದೂಡುವ ಮಾತ್ರೆಯನ್ನು ಮೆಡಿಕಲ್ ಶಾಪ್‌ನಿಂದ ಸಲೀಸಾಗಿ ತಂದು ನುಂಗಿಸುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅದು ಹಾರ್ಮೋನು. ಇಡೀ ದೇಹದ ಮೇಲೆ ಪರಿಣಾಮ ಬೀರುವಂಥದು. ವೈದ್ಯರನ್ನು ಕೇಳದೆ ಕೊಡುವಂಥದ್ದಲ್ಲ. ಆ ಮಾತ್ರೆಗೆ ಹೆದರದ ನಾವು ಒಂದು ಬೆರಳುದ್ದದ ಹತ್ತಿಯ ಸುರುಳಿಗೆ ಹೆದರುತ್ತೇವೆ ಎಂಬುದು ಯೋಚಿಸಬೇಕಾದ ವಿಷಯ. ಬೇಸಿಗೆ ಶಿಬಿರಕ್ಕಾಗಿ ಮಾತ್ರೆ ಖಂಡಿತ ಬೇಡ.

ಈಜದಿರುವುದೂ ಒಂದು ಆಯ್ಕೆಯೇ. ನೋವು ಹೆಚ್ಚಿದ್ದರೆ, ಸುಸ್ತಾಗಿದ್ದರೆ ಒಂದೆರಡು ದಿನ ಬಿಟ್ಟರೆ ತಪ್ಪಿಲ್ಲ. ಆದರೆ ಅದು ಹುಡುಗಿ ತಾನಾಗಿ ಮಾಡಿದ ತೀರ್ಮಾನವಾಗಿರಲಿ, ತಿಳಿವಳಿಕೆಯಿಲ್ಲದೆ ಬಂದ ಸೆರೆಯಾಗದಿರಲಿ. ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ಸ್ರಾವ ಕೆಲವು ಗಂಟೆ ಮುಂದುವರಿದರೆ, ಏಳು ದಿನ ದಾಟಿದರೆ, ಶಾಲೆ ತಪ್ಪುವಷ್ಟು ನೋವಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಮೊದಲು ಮಾತು

ಟ್ಯಾಂಪನ್ ಅನ್ನು ಎಂದೂ ಬಳಸದ ತಾಯಿ ಮಗಳಿಗೆ ಹೇಳಿಕೊಡುವುದು ಹೇಗೆ? "ನಂಗೂ ಗೊತ್ತಿಲ್ಲ ಪುಟ್ಟಿ, ಇಬ್ರೂ ಸೇರಿ ಓದೋಣ" ಎಂದರೆ ಸಾಕು. ಗೊತ್ತಿರುವ ಚಿಕ್ಕಮ್ಮನನ್ನೋ, ವೈದ್ಯೆಯನ್ನೋ ಕೇಳಬಹುದು. ಪೊಟ್ಟಣ ಒಡೆದು ಒಂದು ಟ್ಯಾಂಪನ್ ಅನ್ನು ಲೋಟದ ನೀರಿಗೆ ಹಾಕಿ, ಅದು ಹೇಗೆ ಹಿಗ್ಗುತ್ತದೆ ಎಂದು ಇಬ್ಬರೂ ನೋಡಬಹುದು. ಅರ್ಧ ಭಯ ಅಲ್ಲೇ ಹೋಗುತ್ತದೆ.

ಬೆಳಿಗ್ಗೆ ಮಗಳನ್ನು ಕೊಳಕ್ಕೆ ಕರೆದೊಯ್ಯುವವರು ಎಷ್ಟೋ ಮನೆಗಳಲ್ಲಿ ತಂದೆಯೇ. ಮಗಳು "ಇವತ್ತು ಬೇಡ ಅಪ್ಪ" ಎಂದರೆ ಕೆದಕಿ ಕೇಳದಿರುವುದು, "ಮೆಡಿಕಲ್ ಶಾಪ್‌ನಿಂದ ಇದು ಬೇಕು" ಎಂದರೆ ಮುಖ ಸಿಂಡರಿಸದೆ ತಂದುಕೊಡುವುದು ಅವರಿಂದ ಆಗಬೇಕಾದ ಕೆಲಸ. ತರಬೇತುದಾರರು ಗಂಡಸರಾಗಿದ್ದರೆ ಎಲ್ಲರ ಮುಂದೆ ಕಾರಣ ಕೇಳದಿರಲಿ. ತಪ್ಪಿದ ಪಾಠವನ್ನು ಆಮೇಲೆ ಹೇಳಿಕೊಡಲಿ. ಕೊಳ ನಡೆಸುವವರು ಹುಡುಗಿಯರ ಶೌಚಾಲಯದಲ್ಲಿ ಚಿಲಕವಿರುವ ಬಾಗಿಲು, ಮುಚ್ಚಳವಿರುವ ಕಸದ ಬುಟ್ಟಿ, ಕೈತೊಳೆಯಲು ಸೋಪು ಇಟ್ಟರೆ ಸಾಕು. ದೊಡ್ಡ ಖರ್ಚಿನ ಮಾತೇನಲ್ಲ.

ಮಗಳು ಮೈನೆರೆದಾಗ ಆರತಿ ಎತ್ತಿ, ಸಿಹಿ ಹಂಚಿ, ಹೊಸ ಬಟ್ಟೆ ಕೊಡಿಸುವ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಅದರ ಜೊತೆಗೆ ಹತ್ತು ನಿಮಿಷ ಕೂರಿಸಿಕೊಂಡು ಇಷ್ಟು ವಿಷಯ ಹೇಳಿದರೆ, ಮುಂದಿನ ಏಪ್ರಿಲ್‌ನಲ್ಲಿ ಆಕೆ ಕೊಳದ ದಂಡೆಯ ಬೆಂಚಿನ ಮೇಲೆ ಸುಮ್ಮನೆ ಕೂರಬೇಕಾಗಿಲ್ಲ.